ಮೂರನೇ ಪಾಠ, ದೂರು ಪತ್ರ

"ತಂಗೀ, ನಿನ್ನ ಇಂಗ್ಲಿಷು ಇವತ್ತು ನನ್ನ ಮಾನ ಉಳಿಸ್ಬೇಕು ನೋಡು" ಎನ್ನುತ್ತ ಶುಕ್ರಣ್ಣ ರೂಪಾಳ ಮನೆಯ ಜಗಲಿಗೆ ಬಂದು ಕುಳಿತ. ಹಳದೀಪುರದ ಬಸ್‌ಸ್ಟಾಪಿನ ಎದುರು ಚಾ, ಸಾಮಾನಿನ ಅಂಗಡಿ ಇಟ್ಟುಕೊಂಡವ. ಹಾಡಹಗಲು ಬಾಗಿಲು ಹಾಕಿ ಬಂದಿದ್ದಾನೆಂದರೆ ಸಣ್ಣ ವಿಷಯವಲ್ಲ. ಕಿಸೆಯಿಂದ ಮಡಿಚಿದ ಕಾಗದವೊಂದನ್ನು ತೆಗೆದು ಅವಳ ಕೈಗಿಟ್ಟ. "ಟೋಸ್ಟ್ ಕಂಪನಿಯವ್ರು ಕಳ್ಸಿದ್ದು. ಗಾಡಿಯವ ಮಾಲೂ ಇಳಿಸಲಿಲ್ಲ, ಇದೊಂದು ಕೊಟ್ಟು ಹೋದ. ಎಂತ ಬರದಾರೆ ಓದು."

ರೂಪಾಳಿಗೆ ಒಳಗೊಳಗೇ ಹಿಗ್ಗು. ಇಂಗ್ಲಿಷ್ ಓದಿಸಿಕೊಳ್ಳಲು ಅವಳ ಮನೆ ಹುಡುಕಿಕೊಂಡು ಬಂದ ಮೊದಲ ಮನುಷ್ಯ ಇವನೇ! ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ, ಇಂಗ್ಲಿಷ್ ಕಲಿಸುವ ಪುಸ್ತಕವೊಂದು ಅವಳಿಗೆ ಹುಚ್ಚು ಹಿಡಿಸಿತ್ತು. ದಿನವೂ ಕಣ್ಣಿಗೆ ಬಿದ್ದದ್ದನ್ನು ಓದಿ, ವಾರಕ್ಕೊಂದು ಪತ್ರ ಬರೆಯಿರಿ, ಇಂಗ್ಲಿಷ್ ತಾನಾಗಿ ಬರುತ್ತದೆ ಎಂದು ಅದರಲ್ಲಿತ್ತು. ಓದುವುದಕ್ಕೇನು ಬರ? ಸಾಬೂನಿನ ಹೊದಿಕೆ, ಸೊಳ್ಳೆಬತ್ತಿಯ ಡಬ್ಬಿ, ಗೊಬ್ಬರದ ಚೀಲ, ಹೈವೇಯಲ್ಲಿ ನಿಂತ ಲಾರಿಯ ಬೆನ್ನು, ಒಂದನ್ನೂ ಬಿಡಲಿಲ್ಲ. ಶುಕ್ರಣ್ಣನಂತೂ ಖಾಲಿ ಪೊಟ್ಟಣಗಳನ್ನು ಅವಳಿಗೆಂದೇ ಎತ್ತಿಟ್ಟು, "ತಕೋ ನಿನ್ನ ಪಾಠ" ಎಂದು ನಗುತ್ತ ಕೊಡುತ್ತಿದ್ದ.

ತುಟಿ ಅಲುಗಿಸುತ್ತ ಓದತೊಡಗಿದಳು. ಒಬ್ಬ ಗ್ರಾಹಕರಿಂದ ದೂರು ಬಂದಿದೆ. ಅವರು ಹೀಗೆ ಬರೆದಿದ್ದಾರೆ. ಆಮೇಲಿನ ಸಾಲಿಗೆ ಬಂದಾಗ ಅವಳ ತುಟಿ ಅಲ್ಲೇ ನಿಂತಿತು. 'ನಿಮ್ಮ ಟೋಸ್ಟ್ ಪೊಟ್ಟಣ ತೆರೆದಾಗ ಬೂಷ್ಟು ಹಿಡಿದಿರುವುದನ್ನು ಕಂಡು ನನಗೆ ಅತೀವ ಆಘಾತವಾಯಿತು.' ಅಯ್ಯೋ ದೇವರೇ, ಇದು ತನ್ನದೇ ವಾಕ್ಯ! ಒಂದಕ್ಷರ ತಿದ್ದದೆ ಅಚ್ಚು ಹಾಕಿದ್ದಾರೆ. ಒಂದು ಗಳಿಗೆ, ಒಂದೇ ಗಳಿಗೆ, ಅವಳಿಗೆ ಖುಷಿಯೇ ಆಯಿತು. ಹುಬ್ಬಳ್ಳಿಯ ಕಂಪನಿಗೆ ತನ್ನ ಇಂಗ್ಲಿಷ್ ಅರ್ಥವಾಗಿದೆಯಲ್ಲ!

ಬರೆದದ್ದಾದರೂ ಯಾಕೆ? ವಾರಕ್ಕೊಂದು ಪತ್ರವೇನೋ ಸರಿ, ಯಾರಿಗೆ ಬರೆಯುವುದು? ಅವಳ ಬಳಗವೆಲ್ಲ ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲೇ ಇತ್ತು, ಇಂಗ್ಲಿಷಿನಲ್ಲಿ ಬರೆದರೆ ತಲೆ ಕೆಟ್ಟಿದೆಯಾ ಎಂದು ಕೇಳುವಂಥ ಬಳಗ. ಆಗ ಟೋಸ್ಟ್ ಪೊಟ್ಟಣದ ಹಿಂದೆ ಕಂಡಿತು: ದೂರುಗಳಿದ್ದರೆ ಈ ವಿಳಾಸಕ್ಕೆ ಬರೆಯಿರಿ. ಟೋಸ್ಟ್ ಗರಿಗರಿಯಾಗಿಯೇ ಇತ್ತು, ದೂರೇನೂ ಇರಲಿಲ್ಲ. ಆದರೆ ಪುಸ್ತಕದ ಮೂರನೇ ಪಾಠವೇ ದೂರು ಪತ್ರ. ಆ ಕಡೆ ಕೂತವರಿಗೆ ತನ್ನ ಇಂಗ್ಲಿಷ್ ತಿಳಿಯುತ್ತದೋ ಇಲ್ಲವೋ, ನೋಡಿಯೇ ಬಿಡೋಣ ಎನ್ನಿಸಿತು. ಮಾದರಿಯಲ್ಲಿ ಅಂಗಡಿಯ ಹೆಸರಿಗೆಂದು ಜಾಗ ಬಿಟ್ಟಿದ್ದರು. ಖಾಲಿ ಬಿಟ್ಟರೆ ಪತ್ರ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡೀತೆಂದು ಶುಕ್ರಣ್ಣನ ಅಂಗಡಿಯ ಹೆಸರು ತುಂಬಿದ್ದಳು. ಅಷ್ಟೇ.

"ಎಂತದೇ, ಬಾಯಿ ಕಟ್ಟಿಹೋಯ್ತಾ?"

"ನಿಮ್ಮಂಗಡಿ ಟೋಸ್ಟಿಗೆ ಬೂಷ್ಟು ಹಿಡಿದಿತ್ತು ಅಂತ ಯಾರೋ ದೂರು ಕೊಟ್ಟಾರಂತೆ. ವಿಚಾರಣೆ ಮುಗಿಯೂವರೆಗೆ ಮಾಲು ಕೊಡೂದಿಲ್ಲ ಅಂತೆ."

"ಯಾರು? ಹೆಸ್ರಿದ್ಯಾ?"

"ಇಲ್ಲ." ಅದು ನಿಜವೇ ಆಗಿತ್ತು. ಕಂಪನಿಯವರು ಹೆಸರು ಹಾಕಿರಲಿಲ್ಲ.

ಶುಕ್ರಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಟೋಸ್ಟ್ ಹೋದ್ರೆ ಹೋಗ್ಲಿ. ಗಾಡಿಯವ ಎಲ್ರೆದುರಿಗೆ ಹೇಳಿದ, ನಿನ್ನ ಮಾಲು ಹಾಳು ಅಂತ. ಬೆಳಿಗ್ಗೆ ಚಾ ಕುಡಿಯೂಕೆ ಬಂದವ್ರು ಹಂಗೇ ಎದ್ದು ಆಚೆ ಅಂಗ್ಡಿಗೆ ನಡೆದ್ರು. ನನ್ನಂಗಡೀಲಿ ಬೂಷ್ಟು! ನೀನು ಯಾವತ್ತಾದ್ರೂ ಕಂಡಿದ್ಯಾ, ನೀನೇ ಹೇಳು" ಎಂದ. ರೂಪಾಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಒಂದು ಉತ್ತರ ಬರದು ಕೊಡು ತಂಗೀ. ಇಂಗ್ಲಿಷಿನಲ್ಲೇ. ಅವ್ರ ತಲೆಗೆ ಹೋಗೂ ಹಂಗೆ."

ಅವಳು ಆ ಪುಸ್ತಕ, ಹಾಳೆ, ಪೆನ್ನು ತಂದು ಕೂತಳು. ನನ್ನ ಮಾಲು ಒಳ್ಳೆಯದು ಎಂದು ಅವನ ಹೆಸರಿನಲ್ಲಿ ಬರೆದುಬಿಟ್ಟರೆ ಮುಗಿಯಿತು, ತಾನು ಪಾರು. ಆದರೆ ಅಂಗಡಿಯವನ ಮಾತನ್ನು ಯಾವ ಕಂಪನಿ ನಂಬೀತು? ದೂರು ಕೊಟ್ಟವರೇ ಹೇಳಬೇಕು. ಪುಟ ತಿರುವಿದಳು. ರಜೆ ಕೇಳುವ ಪತ್ರವಿತ್ತು, ಮದುವೆಗೆ ಕರೆಯುವ ಪತ್ರವಿತ್ತು, ಸತ್ತವರ ಮನೆಗೆ ಬರೆಯುವ ಪತ್ರವೂ ಇತ್ತು. ತಾನು ಬರೆದದ್ದು ಸುಳ್ಳು ಎನ್ನುವ ಪತ್ರಕ್ಕೆ ಮಾದರಿಯೇ ಇಲ್ಲ!

ಪುಸ್ತಕ ಮುಚ್ಚಿ ಬದಿಗಿಟ್ಟಳು. ಮಾದರಿಯಿಲ್ಲದೆ ಇಂಗ್ಲಿಷ್ ಬರೆದದ್ದು ಅದೇ ಮೊದಲು. ವಾಕ್ಯಗಳು ಕುಂಟಿದವು, ಕುಂಟಲಿ ಎಂದು ಬಿಟ್ಟಳು. ಕೆಳಗೆ ತನ್ನ ಹೆಸರು, ಊರು ಬರೆದಳು.

"ಅಬ್ಬಾ, ಎಷ್ಟು ಸಲೀಸು ಬರೀತೆ ಮಾರಾಯ್ತಿ!" ಪೆನ್ನು ಓಡುವುದನ್ನೇ ನೋಡುತ್ತಿದ್ದ ಶುಕ್ರಣ್ಣನಿಗೆ ಜೀವ ಬಂದಂತಾಗಿತ್ತು. "ಆತಲ್ಲ? ಈಗ ಕನ್ನಡದಲ್ಲಿ ಹೇಳು. ಎಂತ ಬರದದ್ದು ಅಂತ ನಂಗೂ ಗೊತ್ತಿರ್ಲಿ."

ಹುಟ್ಟಿದಾಗಿನಿಂದ ಆಡಿದ ಭಾಷೆ, ನಾಲಿಗೆಗೆ ಬರಲೊಲ್ಲದು. ಇಂಗ್ಲಿಷಿನಲ್ಲಿ ಬರೆಯುವಾಗ ಇಷ್ಟು ಭಾರವಿರಲಿಲ್ಲ. ಕಾಗದದಿಂದ ಕಣ್ಣೆತ್ತದೆ ಓದಿದಳು: "ಮಾನ್ಯರೇ, ಶುಕ್ರಣ್ಣನ ಅಂಗಡಿಯ ಟೋಸ್ಟ್ ಚಲೋ ಇತ್ತು. ಅದಕ್ಕೆ ಬೂಷ್ಟು ಹಿಡಿದಿರಲಿಲ್ಲ. ಇಂಗ್ಲಿಷ್ ಕಲಿಯುವ ಆಸೆಗೆ ಸುಳ್ಳು ದೂರು ಬರೆದವಳು ನಾನು. ಅವರ ತಪ್ಪು ಏನೂ ಇಲ್ಲ."

ಶುಕ್ರಣ್ಣ ಎದ್ದು ನಿಂತ. ಆಮೇಲೆ ಅವಳ ಕೈಯಿಂದ ಪತ್ರ ತೆಗೆದುಕೊಂಡು, ಮಡಿಚಿ ಕಿಸೆಗೆ ಹಾಕಿದ. ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿದವನು ತಿರುಗಿ ನೋಡಿದ.

"ಇದು ಕನ್ನಡಕ್ಕೆ ಬರದೆ ಇಂಗ್ಲಿಷಿನಲ್ಲೇ ಉಳಿದಿದ್ರೆ ಚಲೋ ಇತ್ತು, ತಂಗೀ."