ನವಣೆಯೋ ಮೊಟ್ಟೆಯೋ

ಅಣ್ಣನದು ನವಣೆ ಪಥ್ಯ, ತಮ್ಮನದು ಅನ್ನ ಬಿಟ್ಟು ಬರೀ ಮೊಟ್ಟೆ, ಸೊಪ್ಪು. ಯಾವುದರಿಂದ ತೂಕ ಇಳಿಯುತ್ತೆ, ಶುಗರ್ ಹತೋಟಿಗೆ ಬರುತ್ತೆ ಅಂತ ಇಬ್ಬರಿಗೂ ಪಂಥ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಪರೀಕ್ಷೆ. ಅಣ್ಣನ ಹೊಟ್ಟೆ ಕರಗಿರಲಿಲ್ಲ. ಶುಗರ್ ಮಾತ್ರ ಪ್ರತಿ ಸಲವೂ ತೊಂಬತ್ತರ ಆಸುಪಾಸು.

ಈ ಸಲ ಅಣ್ಣ ಶುಗರ್ ಮೀಟರನ್ನೇ ನೋಡುತ್ತಾ ಕೋಣೆಯಿಂದ ಬಂದ. ತಮ್ಮ ಇಣುಕಿ ನೋಡಿದ. ನಾನೂರ ಅರವತ್ತೆರಡು.

"ಮುಗೀತಲ್ಲ ನಿನ್ನ ನವಣೆ ಕಥೆ!" ಎಂದು ನಕ್ಕ.

ಹಿಂದೆಯೇ ಅಣ್ಣನ ಮೊಮ್ಮಗಳು ಬಂದು ಇನ್ನೊಂದು ಚೊಂಬು ನೀರು ಕೇಳಿದಳು. ಹೋದ ತಿಂಗಳು ಹೊಲಿಸಿದ ಫ್ರಾಕು ಮೈಮೇಲೆ ಜೋತಾಡುತ್ತಿತ್ತು.

"ಕಾರು ತೆಗಿಯೋ, ಆಸ್ಪತ್ರೆಗೆ ಹೋಗ್ಬೇಕು" ಅಂದ ಅಣ್ಣ.

"ಒಳ್ಳೇ ಗುಂಡುಕಲ್ಲಿನ ಹಾಗಿದ್ದೀಯ. ಒಂದು ಮಾತ್ರೆ ನುಂಗು, ಸಾಕು."

"ನನಗಲ್ಲ ಕಣೋ. ಪ್ರತಿ ಸಲ ನಾನು ಚುಚ್ಚಿದ್ದು ಇವಳ ಬೆರಳು."