ಸ್ಪೀಕರಿನ ವೈರು

ಲ್ಯಾಪ್‌ಟಾಪಿನಿಂದ ಸ್ಪೀಕರಿನ ವೈರನ್ನು ಕಿತ್ತು ಕೌಸಲ್ಯಾಬಾಯಿ ಸೆರಗಿನ ಮರೆಯಲ್ಲಿ ಹಿಡಿದುಕೊಂಡರು. ಯಾರೂ ನೋಡಲಿಲ್ಲ.

ಬೀದರಿನ ಆ ಸಂಗೀತ ಶಾಲೆಯಲ್ಲಿ ಥಿಯರಿ ಕಲಿಸಲು ಇನ್ನು ಒಬ್ಬರೇ ಸಾಕೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಉಳಿಯುವವರು ಕೌಸಲ್ಯಾಬಾಯಿಯೋ, ಭಾಲ್ಕಿಯಿಂದ ಬಂದ ಅಶ್ವಜಿತನೋ ಎಂಬುದು ಇಂದು ಇತ್ಯರ್ಥ. ಅವನ ಬಂಡವಾಳ ಒಂದು ಅಗ್ಗದ ಸಾಫ್ಟ್‌ವೇರ್. ಲ್ಯಾಪ್‌ಟಾಪಿನ ಪರದೆಯ ಮೇಲೆ ಸ್ವರಲಿಪಿ ಬರೆದರೆ ಅದೇ ನುಡಿಸಿ ತೋರಿಸುತ್ತದೆ.

"ಒಂದು ಹಾರ್ಮೋನಿಯಂ ರಿಪೇರಿ ಮಾಡಿಸೋ ರೊಕ್ಕದಾಗ ಇಡೀ ಕ್ಲಾಸಿಗೆ ಬರ್ತದ ನೋಡ್ರಿ," ಎಂದು ಕಾರ್ಯದರ್ಶಿ ಪಂಢರಿರಾವ್ ಆಗಲೇ ಅವನ ಕಡೆ ವಾಲಿದ್ದರು.

ಕೌಸಲ್ಯಾಬಾಯಿಯ ಪಾಠದ ಬಗೆಯೇ ಬೇರೆ. ಶಿಷ್ಯರು ನುಡಿಸುವಾಗ ತಾವು ಹಾರ್ಮೋನಿಯಂ ಮೇಲೆ ಅಂಗೈ ಊರಿ ಕಣ್ಣು ಮುಚ್ಚುವರು. "ಸ್ವರ ಮರದಾಗ ನಡಗತದ. ಕೈಗೆ ತಿಳೀಬೇಕು." ಈಚಿನ ವರ್ಷಗಳಲ್ಲಿ ಬಂದ ಈ ಪದ್ಧತಿಯನ್ನು ಶಿಷ್ಯರು ಸಾಧನೆಯ ಫಲವೆಂದೇ ನಂಬಿದ್ದರು. ಈಗಿನ ಹುಡುಗರ ಮೇಲೆ ಕೌಸಲ್ಯಾಬಾಯಿಯದು ಒಂದೇ ದೂರು: ಬಾಯೊಳಗೇ ಮಾತಾಡುತ್ತಾರೆ.

"ಶುರು ಮಾಡ್ಲೇನ್ರಿ ಮೇಡಂ?" ಅಶ್ವಜಿತ ಎರಡನೇ ಸಲ ಕೇಳಿದ.

"ಮಾಡಪ್ಪಾ. ನಿನ್ನ ಡಬ್ಬಿ ಏನು ಹಾಡ್ತದೋ ಎಲ್ಲಾರೂ ಕೇಳೂಣು."

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಗೆರೆಯೊಂದು ಸ್ವರಗಳನ್ನು ದಾಟುತ್ತ ಸರಿಯಿತು. ಕೌಸಲ್ಯಾಬಾಯಿ ಕಿವಿಗೊಟ್ಟರು. ಏನೂ ಇಲ್ಲ.

ಆದರೂ ಅಶ್ವಜಿತ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಪಂಢರಿರಾವ್ ತಲೆದೂಗುತ್ತಿದ್ದರು. ಕೌಸಲ್ಯಾಬಾಯಿಯ ಅಚ್ಚುಮೆಚ್ಚಿನ ಶಿಷ್ಯೆ, ಔರಾದಿನ ಕರುಣಾಳ ತುಟಿಯೂ ಅಲುಗುತ್ತಿತ್ತು. ಎಲ್ಲ ಸೋಗಲಾಡಿಗಳು.

ಕೌಸಲ್ಯಾಬಾಯಿ ಎದ್ದು ನಿಂತು ವೈರನ್ನು ಎತ್ತಿ ಹಿಡಿದರು.

"ಏನು ಕೇಳಿ ತಲಿ ಅಲ್ಲಾಡಸ್ಲಾಕ ಹತ್ತೀರಿ? ಸ್ಪೀಕರಿನ ವೈರ್ ಇಲ್ಲೇ ಅದ, ನನ್ನ ಕೈಯಾಗ. ಸಪ್ಪಳ ಇಲ್ಲದ್ದಕ್ಕ ಇವ ತಾಳ ಹಾಕ್ತಾನ. ಕಿವಿ ಇಲ್ಲದವರಿಗೆ ಈ ಸಾಲ್ಯಾಗ ಜಾಗ ಇರಬಾರದು. ಇವತ್ತೇ ಹೊರಗ ಹಾಕ್ರಿ."

ಯಾರೂ ನಗಲಿಲ್ಲ. ಅಶ್ವಜಿತ ನೆಲ ನೋಡುತ್ತ ಏನೋ ಅಂದ, ಅವರಿಗೆ ತಿಳಿಯಲಿಲ್ಲ. ಪಂಢರಿರಾವ್ ಹತ್ತಿರ ಬಂದು, ಬಾಯಿ ಅಗಲಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು:

"ಬರೋಬರಿ ಹೇಳಿದ್ರಿ, ಬಾಯೋರ. ಇರಬಾರದು."

ಕರುಣಾ ತನ್ನ ಗುರುವಿನ ಕೈ ಹಿಡಿದು, ಅಂಗೈಯನ್ನು ಮೆಲ್ಲಗೆ ಲ್ಯಾಪ್‌ಟಾಪಿನ ಮೇಲೆ ಇರಿಸಿದಳು.

ವೈರು ಇಲ್ಲದ್ದರಿಂದ ಮೊದಲಿನಿಂದಲೂ ತನ್ನೊಳಗಿನ ಸಣ್ಣ ಸ್ಪೀಕರಿನಲ್ಲೇ ಹಾಡುತ್ತಿದ್ದ ಆ ಡಬ್ಬಿ, ಅವರ ಅಂಗೈ ಕೆಳಗೆ ಹಾರ್ಮೋನಿಯಂನಂತೆ ನಡುಗುತ್ತಿತ್ತು.