ಯಾವುದೇ ಅಹಿತಕರ ಘಟನೆ ನಡೆದಿಲ್ಲ

2018ರ ಸೆಪ್ಟೆಂಬರ್ 2, ಭಾನುವಾರ. ಬೆಳಗ್ಗೆ 11 ಗಂಟೆ 10 ನಿಮಿಷ.

ನಮ್ಮೂರಿನ ಪೊಲೀಸ್ ಠಾಣೆಯ ಅಂಗಳದಲ್ಲಿ ಶಾಮಿಯಾನ ಹಾಕಿ 'ಶಾಂತಿ ಸಭೆ' ಕರೆದಿದ್ದರು. ಮರುದಿನ ಪುರಸಭೆ ಚುನಾವಣೆಯ ಮತ ಎಣಿಕೆ.

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನ್ನನ್ನೂ ಶಾಂತಿ ಸಮಿತಿಗೆ ಸೇರಿಸಿದ್ದರು... ಹೋಗಿ ಕೂತಿದ್ದೆ.

ಇಂಥ ಸಭೆ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಎರಡೂ ಪಕ್ಷದ ನಾಯಕರು ಅಕ್ಕಪಕ್ಕ ಕೂರುತ್ತಾರೆ. ಭಾಷಣ ಆಗುತ್ತದೆ. ಕೊನೆಗೆ ಒಬ್ಬರ ಬಾಯಿಗೆ ಇನ್ನೊಬ್ಬರು ಪೇಡೆ ಇಡುತ್ತಾರೆ... ಫೋಟೊ!

ಆ ಪೇಡೆ ಬಾಯಲ್ಲಿ ಕರಗುವ ಮೊದಲೇ, ಹೊರಗೆ ನಿಂತ ಅವರವರ ಹುಡುಗರು ಒಬ್ಬರನ್ನೊಬ್ಬರು ಗುರಾಯಿಸುತ್ತಿರುತ್ತಾರೆ.

ಈ ಸಲ ಹೊಸ ಐಡಿಯಾ ಮಾಡಿದ್ದರು. ಇಬ್ಬರಿಗೂ ಪೇಡೆ ತಿನ್ನಿಸಲು ದುರಗವ್ವನನ್ನು ಕರೆಸಿದ್ದರು.

ದುರಗವ್ವ ಬಸ್ ಸ್ಟ್ಯಾಂಡ್ ಎದುರು ಹೂ ಮಾರುವವಳು. ಗೆದ್ದವರು ಯಾವ ಪಕ್ಷದವರೇ ಇರಲಿ, ಹಾರ ಅವಳ ಕೈಯದೇ.

ಹಿಂದಿನ ಚುನಾವಣೆಯ ವಿಜಯೋತ್ಸವ ಅವಳ ಓಣಿಗೆ ಬಂದಾಗ ಕಲ್ಲು ತೂರಾಟ ಆಗಿ, ಮಗ ಫಕೀರೇಶನ ಎಡಗಣ್ಣು ಹೋಗಿತ್ತು.

ಕೇಸ್ ಆಗಲಿಲ್ಲ. ಎರಡೂ ಕಡೆಯ ನಾಯಕರು ಸೇರಿ 'ರಾಜಿ' ಮಾಡಿಸಿದರು. ಮರುದಿನದ ಪೇಪರಿನಲ್ಲಿ ಒಂದೇ ಸಾಲು... "ಮೆರವಣಿಗೆ ವೇಳೆ ಯಾವುದೇ ಅಹಿತಕರ ಘಟನೆ ನಡೆದಿಲ್ಲ."

ಒಂದು ಕಣ್ಣು ಹೋಗಿತ್ತು. ಆದರೆ ಘಟನೆ ನಡೆದಿರಲಿಲ್ಲ!

"ಬಾರವ್ವಾ ಬಾ, ಕ್ಷಮಿಸೋ ತಾಯಿ ಅಂದ್ರ ನೀನ," ಎಂದರು ಒಂದು ಪಕ್ಷದ ನಾಯಕ ಯಲಿಗಾರ.

"ಮೊದಲ ನನಗ ತಿನ್ನಸ್ತಾಳ ನೋಡ್ರಿ, ನಮ್ಮ ವಾರ್ಡಿನಾಕಿ," ಎಂದು ಇನ್ನೊಂದು ಪಕ್ಷದ ಕಲಕೋಟಿ ನಕ್ಕರು. ಸಭೆಯೂ ನಕ್ಕಿತು.

ದುರಗವ್ವ ಪೇಡೆ ಡಬ್ಬ ತಾನೇ ತಂದಿದ್ದಳು. ಯಲಿಗಾರರು ಬಾಯಿ ತೆರೆದರು. "ಸಾಹೇಬ್ರ, ಸ್ವಲ್ಪ ಈ ಕಡೆ ನೋಡ್ರಿ," ಅಂದ ಕ್ಯಾಮೆರಾದವನು.

ಅವಳು ಡಬ್ಬ ತೆರೆದು ಅವರ ಅಂಗೈ ಮೇಲೆ ಇಟ್ಟಳು... ಒಂದು ಕಲ್ಲು.

ತೆರೆದ ಬಾಯಿ ಹಾಗೇ ಉಳಿಯಿತು.

ಕಲಕೋಟಿ ಎದ್ದು ನಿಂತರು. "ನೋಡ್ರಿ ಇನ್ಸ್‌ಪೆಕ್ಟರ್ ಸಾಹೇಬ್ರ! ಇವರ ಕಡೆಯವರು ಒಗದ ಕಲ್ಲು! ಈಗರೆ ಕೇಸ್ ಮಾಡ್ರಿ!"

"ಕುಂದರ್ರಿ ಅಣ್ಣಾರ," ಅಂದಳು ದುರಗವ್ವ. ಯಲಿಗಾರರ ಕೈಯಲ್ಲಿದ್ದ ಕಲ್ಲಿನ ಕಡೆ ಬೆರಳು ಮಾಡಿದಳು.

"ಇದು ನನ್ನ ಮಗನ ಕಣ್ಣಿಗೆ ಬಡದ ಕಲ್ಲಲ್ಲ. ದವಾಖಾನ್ಯಾಗ ಅವನ ಮುಷ್ಟಿ ಬಿಡಿಸಿದಾಗ ಸಿಕ್ಕದ್ದು. ಎಚ್ಚರ ತಪ್ಪಿದ್ರೂ ಗಟ್ಟಿ ಹಿಡದಿದ್ದ... ನನ್ನ ಮಗನೂ ಒಗ್ಯಾಂವನ ಇದ್ದ. ಇನ್ನೊಬ್ಬಾಕಿ ಮಗನ ಕಣ್ಣಿಗೆ!"

ಅವಳು ಇಬ್ಬರೂ ನಾಯಕರ ಕಡೆ ತಿರುಗಿದಳು.

"ಸಣ್ಣಾಂವಿದ್ದಾಗ ಅವನ ಕೈಯಾಗ ನಾ ಮಲ್ಲಿಗಿ ಮೊಗ್ಗಿ ಕೊಟ್ಟೀನಿ. ಕಲ್ಲು ಕೊಟ್ಟಾವರು ಯಾರ್ರೀ? ಒಗೀರಿ ಅಂತ ನೀವು ಹೇಳಂಗಿಲ್ಲ. ಭಾಳ ಶಾಣ್ಯಾರದೀರಿ. 'ನಮ್ಮ ಹುಡುಗರು ಸುಮ್ಮ ಕುಂದ್ರಂಗಿಲ್ಲ' ಅಂತ ಮೈಕಿನ್ಯಾಗ ಅಂತೀರಿ... ಅಷ್ಟ ಸಾಕು ಅವಕ್ಕ!"

ಅವಳು ಪೇಡೆ ಡಬ್ಬದ ಮುಚ್ಚಳ ಹಾಕಿದಳು.

"ನಾಳೆ ಮತ್ತ ನಮ್ಮ ಓಣ್ಯಾಗ ಬರ್ತೀರಿ. ನಿಮ್ಮ ನಿಮ್ಮ ಮಕ್ಕಳನ್ನ ಮುಂದ ನಡಸ್ಕೊಂಡ ಬರ್ರಿ. ಇಬ್ಬರಿಗೂ ನಾನ ಪೇಡೆ ತಿನ್ನಸ್ತೀನಿ."

ನಿಂತಿದ್ದ ಕಲಕೋಟಿ ಕೂತರು. ಯಲಿಗಾರರು ಸಣ್ಣ ದನಿಯಲ್ಲಿ, "ನನ್ನ ಮಗಂದು ಪರೀಕ್ಷೆ ಐತಲ್ಲವ್ವಾ..." ಅಂದರು.

"ಓದಸ್ರಿ. ಚಲೋತ್ನಾಗಿ ಓದಸ್ರಿ. ನನ್ನ ಮಗಂದೂ ಪರೀಕ್ಷೆ ಇತ್ರೀ ಆ ವಾರ... ಪಿಯುಸಿ."

ಆಗ ಹಿಂದಿನ ಕುರ್ಚಿಯಿಂದ ಒಬ್ಬ ಹೆಂಗಸು ಎದ್ದಳು. ಅದೇ ಓಣಿಯ ಕಾಶವ್ವ. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಅವತ್ತು ಕಲ್ಲು ಒಗದಾಂವ ನನ್ನ ಮಗ, ದುರಗವ್ವಾ..."

"ಗೊತ್ತೈತಿ ಬಾರಬೇ ಯಕ್ಕಾ. ಒಂದ ನಳದಾಗ ನೀರು ತುಂಬಾವರಿಗೆ ಗೊತ್ತಿರಂಗಿಲ್ಲೇನು? ರಾಜಿ ಅವರವರದ ಆತು. ನಮ್ಮದು ಇನ್ನೂ ಆಗಿಲ್ಲಲ್ಲ..."

ಇಬ್ಬರೂ ತಬ್ಬಿಕೊಂಡು ಅತ್ತರು. ಐದು ವರ್ಷ ಒಂದೇ ನಲ್ಲಿಯ ಮುಂದೆ ಮುಖ ತಿರುಗಿಸಿ ನಿಂತಿದ್ದ ಇಬ್ಬರು!

ಕ್ಯಾಮೆರಾದವನು ಆ ಫೋಟೊ ತೆಗೆಯಲಿಲ್ಲ. ಅವನಿಗೆ ಬೇಕಾಗಿದ್ದ ಫೋಟೊ ಅದಲ್ಲ.

ಮರುದಿನ ಕಲಕೋಟಿಯವರ ಪಕ್ಷ ಗೆದ್ದಿತು. ಗೆದ್ದವರ ಕೊರಳಲ್ಲಿ ದುರಗವ್ವನ ಹಾರ ಇರಲಿಲ್ಲ. ಡಿಜೆ ಹಾಕಿಕೊಂಡು ಮೆರವಣಿಗೆ ಓಣಿಯ ಬಾಯಿಗೆ ಬಂತು.

ನಡುದಾರಿಯಲ್ಲಿ ಚಾಪೆ ಹಾಸಿ ಇಬ್ಬರು ತಾಯಂದಿರು ಕೂತಿದ್ದರು. ಅವರ ಹಿಂದೆ ಕಪ್ಪು ಕನ್ನಡಕದ ಫಕೀರೇಶ. ಅವನ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ಕಾಶವ್ವನ ಮಗ.

ಮುಂದೆ ಕುಣಿಯುತ್ತಿದ್ದ ಹುಡುಗರು ಅವರಿಬ್ಬರನ್ನು ನೋಡಿದರು. ಒಬ್ಬೊಬ್ಬರೇ ಕುಣಿತ ನಿಲ್ಲಿಸಿದರು. ಡಿಜೆ ಬಂದ್ ಆಯಿತು. ಮೆರವಣಿಗೆ ತಿರುಗಿ ಮೇನ್ ರೋಡ್ ಹಿಡಿಯಿತು.

ಮಂಗಳವಾರದ ಪೇಪರಿನಲ್ಲಿ ಮತ್ತೆ ಅದೇ ಸಾಲು ಬಂತು... "ಯಾವುದೇ ಅಹಿತಕರ ಘಟನೆ ನಡೆದಿಲ್ಲ."

ಈ ಸಲ ಅದು ನಿಜವಾಗಿತ್ತು. ಆದರೆ ಅದನ್ನು ನಿಜ ಮಾಡಿದವರ ಹೆಸರು ಸುದ್ದಿಯಲ್ಲಿ ಇರಲೇ ಇಲ್ಲ!

ವೇದಿಕೆಯ ಮೇಲೆ ಆಗುವುದು ರಾಜಿ... ಶಾಂತಿ ಆಗುವುದು ಓಣಿಯಲ್ಲಿ.

ನಮ್ಮ ಮನೆಯ ಮಕ್ಕಳ ಮುಷ್ಟಿಯನ್ನು ನಾವು ಯಾವಾಗ ಬಿಡಿಸಿ ನೋಡುತ್ತೇವೆ? ಆಸ್ಪತ್ರೆಗೆ ಹೋಗುವ ಮೊದಲೋ... ಆಮೇಲೋ?

ಯಲಿಗಾರರು ಆ ಕಲ್ಲನ್ನು ಸಭೆಯ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದರು. ದುರಗವ್ವನನ್ನು ಕೇಳಿ ನಾನು ಎತ್ತಿಕೊಂಡು ಬಂದೆ. ಕಾಲೇಜಿನ ಲ್ಯಾಬಿನಲ್ಲಿ ತೂಗಿದೆ.

340 ಗ್ರಾಂ.